ಹಳ್ಳಿ ಅಲ್ಲೇ ಇದೆ, ‘ಪೇಟೆ’ ಮಾತ್ರ ಬದಲಾಗಿದೆ

ಒಂದು ಪಟ್ಟಣದ ಪ್ರಭಾವ ಸುತ್ತಲಿನ ಹಳ್ಳಿಗಳ ಮೇಲೆ ಎಷ್ಟು ದೂರದವರೆಗೆ ಇರುತ್ತದೆ, ಅದು ಕಾಲಕಾಲಕ್ಕೆ ಬದಲಾಗುವುದು ಏಕೆ ಎಂದು ಕೇಳಿದ್ದೀರಿ. ನಾನು ಭೂಗೋಳ ಓದಿದವನಲ್ಲ. ಆದರೆ ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನ ಅಂಚಿನಲ್ಲಿರುವ ನಮ್ಮ ಮನೆಯಲ್ಲಿ ಈ ಬದಲಾವಣೆಯನ್ನು ತಲೆಮಾರಿನಿಂದ ತಲೆಮಾರಿಗೆ ಕಂಡಿದ್ದೇವೆ. ಅಜ್ಜ ‘ಪೇಟೆಗೆ ಹೋಗಿ ಬರುತ್ತೇನೆ’ ಎಂದರೆ ಅದು ಕುಮಟಾ. ಅಪ್ಪ ಅದೇ ಮಾತು ಹೇಳಿದರೆ ಶಿರಸಿ. ಅಣ್ಣನ ಮಗನಿಗೆ ಪೇಟೆ ಎಂದರೆ ಪಕ್ಕದ ಶಿವಮೊಗ್ಗ ಜಿಲ್ಲೆಯ ಸಾಗರ.

ಕುಮಟಾದಿಂದ ಶುರು ಮಾಡುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಗೆ ಅದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಎತ್ತಿನ ಗಾಡಿಗಳಲ್ಲಿ ಘಟ್ಟ ಇಳಿದು ಕುಮಟಾ ಬಂದರಿಗೆ ಬರುತ್ತಿತ್ತು, ಅಲ್ಲಿಂದ ಹಡಗಿನಲ್ಲಿ ಮುಂಬಯಿಗೆ ಹೋಗುತ್ತಿತ್ತು. ಮುಂಬಯಿಯ ಮಾರುಕಟ್ಟೆಯಲ್ಲಿ ಆ ಹತ್ತಿಗೆ ‘ಕುಮಟಾ ಹತ್ತಿ’ ಎಂದೇ ಹೆಸರು. ಕುಮಟಾದ ಗದ್ದೆಗಳಲ್ಲಿ ಹತ್ತಿ ಬೆಳೆಯುವುದಿಲ್ಲ. ಬೆಳೆದ ಊರಿನ ಹೆಸರನ್ನು ಬದಿಗೆ ಸರಿಸಿ ಸಾಗಿಸಿದ ಊರಿನ ಹೆಸರು ನಿಂತಿತು ಎಂದರೆ ಆ ಬಂದರಿನ ಹಿಡಿತ ಎಷ್ಟು ದೂರ ಚಾಚಿತ್ತು ಎಂದು ಯೋಚಿಸಿ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಂದ ಇಂಗ್ಲೆಂಡಿನ ಗಿರಣಿಗಳಿಗೆ ಹೋಗುತ್ತಿದ್ದ ಹತ್ತಿ ನಿಂತಾಗ ಈ ದಾರಿಗೆ ಇನ್ನಷ್ಟು ಬೆಲೆ ಬಂತು. 1862ರಲ್ಲಿ ನಮ್ಮ ಜಿಲ್ಲೆಯನ್ನು ಮದ್ರಾಸ್ ಪ್ರಾಂತ್ಯದಿಂದ ತೆಗೆದು ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆ ಹತ್ತಿ ವ್ಯಾಪಾರಿಗಳ ಒತ್ತಾಯವೂ ಇತ್ತು.

ಆಮೇಲೆ ರೈಲು ಬಂತು. 1890ರ ಹೊತ್ತಿಗೆ ಹುಬ್ಬಳ್ಳಿಗೆ ಪುಣೆಯ ಕಡೆಯ ಹಳಿಯೂ ಸಿಕ್ಕಿತ್ತು, ಲೋಂಡಾದ ಮೇಲೆ ಹಾದು ಗೋವೆಯ ಮರ್ಮಗೋವಾ ಬಂದರಿಗೆ ಹೋಗುವ ಹಳಿಯೂ ಸಿಕ್ಕಿತ್ತು. ಹತ್ತಿ ಗಾಡಿಗಳು ಘಟ್ಟ ಇಳಿಯುವ ಅಗತ್ಯವೇ ಉಳಿಯಲಿಲ್ಲ. ಕುಮಟಾದ ಜನರ ತಪ್ಪು ಇದರಲ್ಲಿ ಏನೂ ಇರಲಿಲ್ಲ. ನೂರಾರು ಮೈಲಿ ಆಚೆ ಯಾರೋ ಎಳೆದ ಗೆರೆ ಇವರ ಸೀಮೆಯನ್ನು ಕಿತ್ತುಕೊಂಡಿತು. ಇದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಆದರೆ ಗಮನಿಸಿ, ಹತ್ತಿ ಹೋದ ಮೇಲೂ ನಮ್ಮ ಅಜ್ಜ ಕುಮಟಾಕ್ಕೆ ಹೋಗುತ್ತಲೇ ಇದ್ದರು. ಕುಮಟಾ ಬಳಿಯ ಸಾಣಿಕಟ್ಟೆಯ ಉಪ್ಪು, ತೆಂಗಿನಕಾಯಿ, ವರ್ಷಕ್ಕಾಗುವಷ್ಟು ಎಣ್ಣೆ, ಎಲ್ಲವೂ ದೊಡ್ಮನೆ ಘಟ್ಟ ಏರಿ ಗಾಡಿಯಲ್ಲಿ ಬರಬೇಕಿತ್ತು. ಆ ಉಪ್ಪು ತುಂಬಿಡುತ್ತಿದ್ದ ಮರದ ತೊಟ್ಟಿ, ನಮ್ಮ ಮಾತಿನಲ್ಲಿ ‘ಮರಿಗೆ’, ಈಗಲೂ ನಮ್ಮ ಅಟ್ಟದ ಮೇಲಿದೆ. ಮಳೆಗಾಲದಲ್ಲಿ ಅದರ ಮರ ಇವತ್ತಿಗೂ ಒಸರುತ್ತದೆ, ಬೆರಳು ಹಚ್ಚಿ ನಾಲಿಗೆಗೆ ಇಟ್ಟರೆ ಉಪ್ಪು. ಪಟ್ಟಣದ ಹಿಡಿತ ಒಂದೇ ದಿನ ಕಳಚಿ ಬೀಳುವುದಿಲ್ಲ. ದೊಡ್ಡ ಸರಕು ಮೊದಲು ಹೋಗುತ್ತದೆ, ದಿನಬಳಕೆಯ ಸಾಮಾನು ಆಮೇಲೆ, ನೆಂಟಸ್ತಿಕೆ ಎಲ್ಲಕ್ಕಿಂತ ಕೊನೆಗೆ.

ಶಿರಸಿಯ ಕಥೆ ಬೇರೆ. ಶಿರಸಿಗೆ ಇವತ್ತಿಗೂ ರೈಲಿಲ್ಲ, ಆದರೂ ಅದು ಸೋಲಲಿಲ್ಲ. ಹತ್ತಿ ಕುಮಟಾದಲ್ಲಿ ಹಾದುಹೋಗುತ್ತಿತ್ತು, ಅಡಿಕೆ ಶಿರಸಿಯಲ್ಲಿ ನಿಂತು ವ್ಯಾಪಾರವಾಗುತ್ತದೆ ಎಂಬುದೇ ಇದಕ್ಕೆ ಕಾರಣ ಎಂದು ನನ್ನ ನಂಬಿಕೆ. ಬೆಳೆಗಾರ ಚೀಲ ತಂದು ಹಾಕುತ್ತಾನೆ, ದರ ಅಲ್ಲೇ ಗೊತ್ತಾಗುತ್ತದೆ, ಮಗಳ ಮದುವೆಗೋ ತೋಟದ ಕೆಲಸಕ್ಕೋ ಮುಂದಿನ ಕೊಯ್ಲಿನ ಮೇಲೆ ಮುಂಗಡ ಅಲ್ಲೇ ಸಿಗುತ್ತದೆ. ತೋಟಗಾರರ ಮಾರಾಟ ಸಹಕಾರಿ ಸಂಘ ಅಲ್ಲಿ 1923ರಲ್ಲೇ ಹುಟ್ಟಿತು. ಸಾಲದ ಖಾತೆ ಯಾವ ಊರಿನಲ್ಲಿದೆಯೋ ಆ ಊರೇ ಪೇಟೆ. ಹುಬ್ಬಳ್ಳಿಯ ಆಕರ್ಷಣೆ ಇದ್ದೂ ಶಿರಸಿ ತನ್ನ ಸೀಮೆಯನ್ನು ಉಳಿಸಿಕೊಂಡದ್ದು ಹೀಗೆ. ಜಿಲ್ಲಾ ಕೇಂದ್ರ ಕಾರವಾರವಾದರೂ ಶಿರಸಿ ಪ್ರತ್ಯೇಕ ಶೈಕ್ಷಣಿಕ ಜಿಲ್ಲೆ, ಸಾರಿಗೆ ಸಂಸ್ಥೆಯ ವಿಭಾಗೀಯ ಕಚೇರಿಯೂ ಅಲ್ಲೇ ಇದೆ.

ಇನ್ನು ಸಾಗರ. ನಮ್ಮ ಮನೆಯಿಂದ ಅದು ದೂರವೇನಲ್ಲ. ಎರಡೂ ಕಡೆ ಅದೇ ಅಡಿಕೆ ತೋಟ, ಅದೇ ಮಳೆ, ಅದೇ ಮಾತು. ಆದರೂ 1956ರ ನವೆಂಬರ್ ಒಂದರವರೆಗೆ ಸಿದ್ದಾಪುರ ಮುಂಬಯಿ ರಾಜ್ಯ, ಸಾಗರ ಮೈಸೂರು ರಾಜ್ಯ. ನಮ್ಮವರು ಓದಲು ಧಾರವಾಡಕ್ಕೆ ಹೋದರು, ಆಚೆಯವರು ಶಿವಮೊಗ್ಗ, ಮೈಸೂರುಗಳಿಗೆ. ಗಡಿ ಅಳಿಸಿ ದಶಕಗಳಾದರೂ ನಮ್ಮ ಕಡೆಯ ಪದವಿ ಕಾಲೇಜುಗಳು ಧಾರವಾಡದ ವಿಶ್ವವಿದ್ಯಾಲಯಕ್ಕೆ ಸೇರಿವೆ, ಹೈಕೋರ್ಟಿನ ವ್ಯಾಜ್ಯವೂ ಧಾರವಾಡದ ಪೀಠಕ್ಕೇ ಹೋಗುತ್ತದೆ. ಕಾಗದಪತ್ರದ ಕೆಲಸಕ್ಕೆ ಉತ್ತರಕ್ಕೆ ನಡೆಯುವ ನಾವು ಉಳಿದ ಕೆಲಸಕ್ಕೆ ನಿಧಾನವಾಗಿ ದಕ್ಷಿಣಕ್ಕೆ ತಿರುಗಿದ್ದೇವೆ. 2011ರಲ್ಲಿ ಸಾಗರ ತಾಲ್ಲೂಕಿನ ತಾಳಗುಪ್ಪಕ್ಕೆ ಬ್ರಾಡ್‌ಗೇಜ್ ರೈಲು ಬಂದ ಮೇಲೆ ಈ ತಿರುವು ಕಣ್ಣಿಗೆ ಕಾಣುವಷ್ಟು ಜೋರಾಯಿತು. ಹಬ್ಬ ಮುಗಿದ ಸಂಜೆ ಆ ನಿಲ್ದಾಣದಲ್ಲಿ ನಿಂತರೆ ಸಿದ್ದಾಪುರದ ಅರ್ಧದಷ್ಟು ಹುಡುಗರು ಉಪ್ಪಿನಕಾಯಿ ಡಬ್ಬಿ, ಹಲಸಿನ ಹಪ್ಪಳದ ಕಟ್ಟು ಹಿಡಿದು ಬೆಂಗಳೂರಿನ ಗಾಡಿ ಹತ್ತುವುದು ಕಾಣುತ್ತದೆ.

ಹಾಗಾಗಿ ನಕ್ಷೆಯಲ್ಲಿ ಪಟ್ಟಣದ ಸುತ್ತ ಒಂದು ವೃತ್ತ ಎಳೆದು ‘ಇದು ಇದರ ಪ್ರದೇಶ’ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಒಂದೇ ಮನೆ ಒಂದೇ ದಿನ ನಾಲ್ಕು ಪಟ್ಟಣಗಳಿಗೆ ಸೇರಿರುತ್ತದೆ. ನಿಮ್ಮ ಸೀಮೆಯಲ್ಲಿ ಇದನ್ನು ಪರೀಕ್ಷಿಸಬೇಕಿದ್ದರೆ ಎರಡು ಗುರುತುಗಳನ್ನು ನೋಡಿ. ಒಂದು, ರಾತ್ರಿ ಊರಲ್ಲೇ ತಂಗಿ ಬೆಳಿಗ್ಗೆ ಹೊರಡುವ ವಸ್ತಿ ಬಸ್ಸಿನ ಬೋರ್ಡು. ಇನ್ನೊಂದು, ಒಳಮನೆಯ ಗೂಟಕ್ಕೆ ನೇತುಹಾಕಿದ ಎಕ್ಸ್‌ರೇ ಚೀಲ. ಅದರ ಮೇಲೆ ಯಾವ ಊರಿನ ಆಸ್ಪತ್ರೆಯ ಹೆಸರಿದೆ ಎಂಬುದು. ನಮ್ಮ ಜಿಲ್ಲೆಯ ಮನೆಗಳಲ್ಲಿ ಆ ಚೀಲದ ಮೇಲೆ ಮಣಿಪಾಲ ಇರುತ್ತದೆ, ಹುಬ್ಬಳ್ಳಿ ಇರುತ್ತದೆ, ಮಂಗಳೂರು ಇರುತ್ತದೆ. ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಬೇಕೆಂದು ಜನ ವರ್ಷಗಳಿಂದ ಕೂಗುತ್ತಿರುವುದು ಸುಮ್ಮನೆ ಅಲ್ಲ. ನನ್ನ ತಾಯಿಯನ್ನು ಮಳೆಗಾಲದ ಒಂದು ರಾತ್ರಿ ಘಟ್ಟ ಇಳಿಸಿ ಮಣಿಪಾಲಕ್ಕೆ ಕರೆದೊಯ್ದ ಆ ಗಂಟೆಗಳನ್ನು ನಾನು ಮರೆಯಲಾರೆ.

ಮೊನ್ನೆ ಅಣ್ಣನ ಮಗ ಅಡಿಕೆ ಚೀಲಗಳನ್ನು ಜೀಪಿಗೆ ಏರಿಸುತ್ತಿದ್ದ. ಬಟ್ಟೆ, ಔಷಧ, ಪಂಪ್‌ಸೆಟ್ಟಿನ ರಿಪೇರಿ ಎಲ್ಲಕ್ಕೂ ಸಾಗರಕ್ಕೆ ಹೋಗುವವನು ಅವನು. ಸಿದ್ದಾಪುರದಲ್ಲೂ ಅಡಿಕೆ ವ್ಯಾಪಾರವಿದೆ. ‘ಇಷ್ಟು ದೂರ ಶಿರಸಿಗೇ ಏಕೆ?’ ಎಂದು ಕೇಳಿದೆ. ‘ಅಜ್ಜನ ಕಾಲದ ಖಾತೆ ಅಲ್ಲಿದೆಯಲ್ಲ, ಚಿಕ್ಕಪ್ಪಾ’ ಎಂದು ಹೇಳಿ ಹಗ್ಗ ಬಿಗಿದ.