‘ಕಿರಿಕಿರಿ’ ಅಂದಾಗ ಯಾರೂ ಕೇಳಲಿಲ್ಲ

(ಮನೆಯವರ ಒಪ್ಪಿಗೆ ಪಡೆದು ಬರೆದ ಪ್ರಕರಣ. ಗುರುತು ಸಿಗುವ ವಿವರಗಳನ್ನೆಲ್ಲ ಬದಲಿಸಿದ್ದೇನೆ.)

ತೀರ್ಥಹಳ್ಳಿ ಕಡೆಯ ತೋಟದ ಮನೆ. ಸೊಸೆ ಬೆಂಗಳೂರಿನ ಕಂಪನಿಯೊಂದಕ್ಕೆ ಮನೆಯಿಂದಲೇ ಕೆಲಸ ಮಾಡುತ್ತಾರೆ. ಗಂಡನಿಗೆ ಶಿವಮೊಗ್ಗದಲ್ಲಿ ಕೆಲಸ, ಮನೆ ಸೇರುವಾಗ ರಾತ್ರಿ. ಅತ್ತೆಗೆ ಅರವತ್ತು ದಾಟಿದೆ. ಕೊಯ್ಲಿನ ದಿನಗಳಲ್ಲಿ ಮನೆ ತುಂಬ ಆಳುಗಳು, ಅಂಗಳದ ತುಂಬ ಅಡಿಕೆ.

ಮೂವರೂ ಆಪ್ತಸಲಹೆಗೆ ಅಂತ ನನ್ನ ಬಳಿ ಬರುವ ಹೊತ್ತಿಗೆ ಅತ್ತೆ ಸೊಸೆ ಮಾತು ಬಿಟ್ಟಿದ್ದರು. ಎಲ್ಲಕ್ಕೂ ಕಾರಣ ಸೊಸೆ ಗಂಡನಿಗೆ ಕಳಿಸಿದ್ದ ಒಂದು ವಾಟ್ಸಾಪ್ ಮೆಸೇಜ್. “ನಿಮ್ಮಮ್ಮಂದು ಡೈಲಿ ಟಾರ್ಚರ್. ಈ ಮನೆ ಫುಲ್ ಟಾಕ್ಸಿಕ್.” ಅದು ಹೇಗೋ ನಾದಿನಿಯ ಕಣ್ಣಿಗೆ ಬಿತ್ತು, ಅಲ್ಲಿಂದ ಅತ್ತೆಯ ಕಿವಿಗೆ ಹೋಯಿತು.

ಅತ್ತೆ ಕುರ್ಚಿಯ ತುದಿಯಲ್ಲಿ ಕೂತು, ಸೆರಗಿನ ಅಂಚನ್ನು ಸುತ್ತುತ್ತಲೇ ಕೇಳಿದರು. “ಟಾರ್ಚರ್ ಅಂದ್ರೆ ಪೊಲೀಸ್ ಕೇಸಲ್ವಾ ಮೇಡಂ? ನಾನು ಎಂತ ಮಾಡಿದ್ದೇನೆ ಅಂತ ಅವಳೇ ಹೇಳ್ಲಿ.” ಪೇಪರಿನಲ್ಲಿ, ಟೀವಿಯಲ್ಲಿ ಅವರು ಆ ಮಾತು ಕೇಳಿದ್ದು ವರದಕ್ಷಿಣೆ ಸಾವು, ಲಾಕಪ್ಪು, ಕೋರ್ಟಿನ ಸುದ್ದಿಯಲ್ಲಿ. ಸೊಸೆಗೆ ಹಾಗಲ್ಲ. ಅವರ ಗೆಳತಿಯರ ಬಾಯಲ್ಲಿ ಸೋಮವಾರದ ಮೀಟಿಂಗೂ ಟಾರ್ಚರ್, ಟ್ರಾಫಿಕ್ಕೂ ಟಾರ್ಚರ್.

ಹಾಗಂತ ನಾನು ಆ ಮಾತನ್ನು ಹಗುರವಾಗಿ ತಳ್ಳಿಹಾಕಲಿಲ್ಲ, ಹಾಕಬಾರದು ಕೂಡ. ಮೊದಲು ಸೊಸೆಯೊಬ್ಬರನ್ನೇ ಕೂರಿಸಿಕೊಂಡು ಕೇಳಿದೆ. ಯಾರಾದರೂ ಕೈ ಮಾಡುತ್ತಾರಾ? ಸಂಬಳ ಕಿತ್ತುಕೊಳ್ಳುತ್ತಾರಾ? ಫೋನು, ಊಟ, ತವರಿಗೆ ಹೋಗುವುದು ಇವಕ್ಕೆ ತಡೆ ಇದೆಯಾ? ಬೆದರಿಕೆ, ಹೊಲಸು ಬೈಗುಳ? 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ಹೊಡೆತದ ಜೊತೆಗೆ ಮಾತಿನ ಹಿಂಸೆ, ಹಣದ ವಿಷಯದ ಹಿಂಸೆಯೂ ಸೇರಿದೆ. ಇವುಗಳಲ್ಲಿ ಒಂದಕ್ಕೆ ‘ಹೌದು’ ಅಂದಿದ್ದರೂ ಈ ಪ್ರಕರಣದ ದಾರಿಯೇ ಬೇರೆ ಆಗುತ್ತಿತ್ತು. ಎಲ್ಲಕ್ಕೂ ‘ಇಲ್ಲ’ ಅಂದರು. “ಅತ್ತೆ ಕೆಟ್ಟವರಲ್ಲ ಮೇಡಂ” ಅಂತ ತಾವಾಗಿಯೇ ಸೇರಿಸಿದರು.

ಮತ್ತೆ ಆಗುತ್ತಿದ್ದುದೇನು? ಹನ್ನೊಂದು ಗಂಟೆಗೆ ಸೊಸೆಗೆ ವಿಡಿಯೋ ಮೀಟಿಂಗ್. ಅದೇ ಹೊತ್ತಿಗೆ ಅಂಗಳದಲ್ಲಿ ಅಡಿಕೆ ಸುಲಿಯುವ ಮಷೀನ್ ಶುರು. ಮನೆಯಲ್ಲಿ ಸರಿಯಾಗಿ ನೆಟ್‌ವರ್ಕ್ ಸಿಗುವುದು ಅಂಗಳದ ಕಡೆ ಕಿಟಕಿ ಇರುವ ಕೋಣೆಯಲ್ಲಿ ಮಾತ್ರ. ಆಳುಗಳ ಚಹಾದ ಹೊತ್ತೂ ಅದೇ. ಅತ್ತೆ ಬಾಗಿಲು ತಳ್ಳಿಕೊಂಡು ಬಂದು “ಸ್ವಲ್ಪ ಚಹಾಕ್ಕೆ ಇಡ್ತೀಯಾ?” ಅನ್ನುತ್ತಾರೆ. ಪರದೆಯ ಮೇಲಿನವರಿಗೆಲ್ಲ ಅದು ಕೇಳುತ್ತದೆ. ಸೊಸೆ ಚಿಲಕ ಹಾಕಿಕೊಳ್ಳಲು ಶುರು ಮಾಡಿದರು. ಆಳುಗಳ ಎದುರು ಸೊಸೆ ಬಾಗಿಲು ಹಾಕಿಕೊಂಡದ್ದು ಅತ್ತೆಗೆ ಅವಮಾನವಾಯಿತು. “ಅವಳಿಗೆ ಈಗೋ ಜಾಸ್ತಿ” ಅಂದರು. ಅವರ ಬಾಯಿಗೂ ಇಂಗ್ಲಿಷೇ ಬಂತು, ನೋಡಿ.

ಇಂಗ್ಲಿಷಿನಲ್ಲೂ ಸಣ್ಣ ಜಗಳಕ್ಕೆ ಸಣ್ಣ ಮಾತುಗಳಿವೆ. ಆಪ್ತರ ನಡುವಿನ ಸಣ್ಣ ಮುನಿಸಿಗೆ ಟಿಫ್, ಹುರುಳಿಲ್ಲದ ವಿಷಯಕ್ಕೆ ಕಚ್ಚಾಡುವುದಕ್ಕೆ ಬಿಕರಿಂಗ್, ಹಿಂದೆ ಬಿದ್ದು ವರಾತ ಮಾಡುವುದಕ್ಕೆ ನ್ಯಾಗಿಂಗ್, ಮೂತಿ ಊದಿಸಿಕೊಂಡು ಕೂರುವುದಕ್ಕೆ ಸಲ್ಕಿಂಗ್. ಇವು ನಮ್ಮ ಮನೆಗಳಿಗೆ ಬರಲೇ ಇಲ್ಲ. ಬಂದದ್ದು ಟಾರ್ಚರ್, ಹರಾಸ್‌ಮೆಂಟ್, ಟಾಕ್ಸಿಕ್. ಟಾಕ್ಸಿಕ್ ಅಂದರೆ ವಿಷಕಾರಿ. ಆಕ್ಸ್‌ಫರ್ಡ್ ನಿಘಂಟಿನವರು 2018ರಲ್ಲಿ ಅದನ್ನೇ ವರ್ಷದ ಪದ ಅಂತ ಆರಿಸಿದ್ದರು. ಈ ಸೊಸೆ ಗ್ಯಾಸ್‌ಲೈಟಿಂಗ್ ಅಂತಲೂ ಒಂದು ಮಾತು ಬಳಸಿದರು. ಆ ಮಾತಿನ ಮೂಲ 1938ರ ಇಂಗ್ಲಿಷ್ ನಾಟಕ. ಅದರಲ್ಲಿ ಗಂಡ ಬೇಕಂತಲೇ ಹೆಂಡತಿಗೆ ತನ್ನ ಬುದ್ಧಿಯ ಮೇಲೇ ಅನುಮಾನ ಬರುವ ಹಾಗೆ ಮಾಡುತ್ತಾನೆ. ಇಲ್ಲಿ ಅತ್ತೆ ಮಾಡಿದ್ದು, ಹಿಂದಿನ ವಾರ ತಾವೇ ಹೇಳಿದ್ದನ್ನು ಮರೆತು “ನಾನು ಹಾಗೆ ಹೇಳಲಿಲ್ಲ” ಅಂದದ್ದು ಅಷ್ಟೇ.

ಇದನ್ನು ಹೇಳಿ, ‘ಯಾಕೆ ಅಷ್ಟು ದೊಡ್ಡ ಮಾತು?’ ಅಂತ ಕೇಳಿದೆ. ಸೊಸೆಯ ಉತ್ತರ ನನಗೆ ಇಡೀ ಪ್ರಕರಣವನ್ನೇ ಬಿಡಿಸಿಟ್ಟಿತು. “ನಂಗೆ ಕಿರಿಕಿರಿ ಆಗ್ತಿದೆ ಅಂತ ಇವರಿಗೆ ಎಷ್ಟೋ ಸಲ ಹೇಳಿದೆ. ‘ಅಡ್ಜಸ್ಟ್ ಮಾಡ್ಕೋ’ ಅಂದ್ರು. ಟಾರ್ಚರ್ ಅಂದ ದಿನ ಆಫೀಸಿನಿಂದಲೇ ಫೋನ್ ಮಾಡಿದ್ರು.”

ಗಂಡ ತಲೆ ಎತ್ತಲಿಲ್ಲ.

ಹಾಗಾಗಿ ನನ್ನ ಸಲಹೆಯಲ್ಲಿ ಹೆಚ್ಚಿನ ಪಾಲು ಗಂಡನಿಗೇ ಹೋಯಿತು. ಹೆಂಡತಿ ‘ಕಿರಿಕಿರಿ’ ಅಂದಾಗಲೇ ಕೂತು ಕೇಳಿ. ಪರಿಹಾರ ಹೇಳಬೇಕಿಲ್ಲ. ‘ಏನಾಯ್ತು?’ ಅನ್ನಿ, ಪೂರ್ತಿ ಕೇಳಿ. ಅಮ್ಮನ ಮಾತನ್ನೂ ಹಾಗೇ ಕೇಳಿ. ಒಬ್ಬರ ದೂರನ್ನು ಇನ್ನೊಬ್ಬರಿಗೆ ಮುಟ್ಟಿಸಬೇಡಿ. ‘ಅಡ್ಜಸ್ಟ್ ಮಾಡ್ಕೋ’ ಅನ್ನುವುದನ್ನು ಇವತ್ತೇ ಬಿಡಿ. ಅದನ್ನು ಕೇಳಿದವರಿಗೆ ‘ನಿನ್ನ ಕಷ್ಟ ನನಗೆ ಬೇಡ’ ಅಂದ ಹಾಗೆ ಆಗುತ್ತದೆ.

ಅತ್ತೆ ಸೊಸೆ ಇಬ್ಬರಿಗೂ ಹೇಳಿದ್ದು ಇಷ್ಟು. ಆದದ್ದನ್ನು ಹೇಳಿ, ಮನುಷ್ಯರಿಗೆ ಹಣೆಪಟ್ಟಿ ಹಚ್ಚಬೇಡಿ. ದಾಂಪತ್ಯದ ಜಗಳಗಳನ್ನು ಬಹಳ ಕಾಲ ಅಧ್ಯಯನ ಮಾಡಿದ ಅಮೆರಿಕದ ಮನೋವಿಜ್ಞಾನಿ ಜಾನ್ ಗಾಟ್‌ಮನ್ ಕೂಡ ಇದೇ ಗೆರೆ ಎಳೆಯುತ್ತಾರೆ. ನಡೆದ ಸಂಗತಿಯ ಮೇಲೆ ದೂರು ಹೇಳಿದರೆ ಸಂಬಂಧ ತಡೆದುಕೊಳ್ಳುತ್ತದೆ, ಮನುಷ್ಯನ ಗುಣದ ಮೇಲೇ ಹೋದರೆ ಹಳಸುತ್ತದೆ. ಅತ್ತೆ ಸೊಸೆಗೂ ಇದು ಹೊಂದುತ್ತದೆ ಅಂತ ನನ್ನ ಅನುಭವ. ಅಲ್ಲೇ ಹೇಳಿಸಿದೆ. ಸೊಸೆ: “ಮೀಟಿಂಗ್ ನಡೀವಾಗ ಬಾಗಿಲು ತೆಗೆದ್ರೆ ನಂಗೆ ಎಲ್ರ ಎದುರು ಮುಜುಗರ ಆಗ್ತದೆ ಅತ್ತೆ.” ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ನೀನು ಚಿಲಕ ಹಾಕಿದ್ರೆ ನಂಗೂ ಎಲ್ರ ಎದುರು ಹಾಗೇ ಆಗ್ತದೆ ಮಾರಾಯ್ತಿ” ಅಂದರು.

ಉಳಿದದ್ದು ಸುಲಭವಾಗಿ ಬಗೆಹರಿಯಿತು. ಮೀಟಿಂಗ್ ಹೊತ್ತನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆಯುವುದು, ಮಷೀನನ್ನು ಮನೆಯ ಹಿಂದಕ್ಕೆ ಸಾಗಿಸುವುದು, ಆಳುಗಳ ಚಹಾವನ್ನು ಸೊಸೆ ಬೆಳಿಗ್ಗೆಯೇ ಮಾಡಿ ಫ್ಲಾಸ್ಕಿಗೆ ತುಂಬಿಡುವುದು.

ಓದುವವರಲ್ಲಿ ಯಾರ ಮನೆಯಲ್ಲಾದರೂ ಹೊಡೆತ, ಬೆದರಿಕೆ, ಹಣ ಕಸಿಯುವುದು ನಡೆಯುತ್ತಿದ್ದರೆ ಈ ಸಲಹೆ ನಿಮಗಲ್ಲ. 181 ಮಹಿಳಾ ಸಹಾಯವಾಣಿಗೆ ಕರೆ ಮಾಡಿ. ಮನಸ್ಸು ತೀರಾ ಕುಸಿದಿದ್ದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಈ ಮನೆಯವರು ಆಮೇಲೆ ಮತ್ತೊಮ್ಮೆ ಬಂದಿದ್ದರು. ಅತ್ತೆ ಸೊಸೆ ಮಾತಾಡುತ್ತಾರೆ, ನಡುವೆ ಜಗಳವನ್ನೂ ಆಡುತ್ತಾರೆ. ನಾದಿನಿಯ ಮೇಲಿನ ಸೊಸೆಯ ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ. ಮುಂದಿನ ಸಲ ಅವರನ್ನೂ ಕರೆದುಕೊಂಡು ಬನ್ನಿ ಅಂದಿದ್ದೇನೆ.