ದೊಡ್ಡ ಘಾತದ ಬಹುಪದೋಕ್ತಿಯ ಮೂಲ ಹುಡುಕಲು ಕೊನೆಯ ಸಂಖ್ಯೆಯ ಅಪವರ್ತನಗಳನ್ನೇ ಏಕೆ ಹಾಕಿ ನೋಡುತ್ತಾರೆ?

ಸಹಗುಣಕಗಳೆಲ್ಲ, ಅಂದರೆ ಪದಗಳಲ್ಲಿ ಎಕ್ಸ್ ಮುಂದೆ ಬರುವ ಸಂಖ್ಯೆಗಳೆಲ್ಲ, ಪೂರ್ಣಾಂಕಗಳಾಗಿದ್ದು ಕೊನೆಯ ಸಂಖ್ಯೆಯೂ ಪೂರ್ಣಾಂಕವಾಗಿದ್ದರೆ, ಪೂರ್ಣಾಂಕ ಮೂಲ ಯಾವುದೇ ಇರಲಿ, ಅದು ಎಕ್ಸ್ ಇಲ್ಲದ ಕೊನೆಯ ಸಂಖ್ಯೆಯನ್ನು ಶೇಷವಿಲ್ಲದೆ ಭಾಗಿಸಲೇಬೇಕು. ಅದಕ್ಕೇ.

ಎಕ್ಸ್⁴ − 2ಎಕ್ಸ್³ − 7ಎಕ್ಸ್² + 8ಎಕ್ಸ್ + 12 ತೆಗೆದುಕೊಳ್ಳಿ. ಮೂಲ ಅಂದರೆ ಎಕ್ಸ್ ಜಾಗದಲ್ಲಿ ಹಾಕಿದಾಗ ಒಟ್ಟು ಸೊನ್ನೆ ಮಾಡುವ ಸಂಖ್ಯೆ. 5 ಹಾಕಿದರೆ ಮೊದಲ ನಾಲ್ಕೂ ಪದಗಳು 5ರ ಮಗ್ಗಿಗೆ ಸೇರುತ್ತವೆ. ಒಟ್ಟು ಸೊನ್ನೆ ಆಗಬೇಕಾದರೆ 12 ಕೂಡ ಸೇರಬೇಕು, ಅಲ್ವಾ? ಸೇರುವುದಿಲ್ಲ. ಹಾಗಾಗಿ 5 ಅನ್ನು ಲೆಕ್ಕ ಹಾಕದೆಯೇ ಬಿಡಬಹುದು. ಉಳಿಯುವುದು 1, 2, 3, 4, 6, 12 ಮತ್ತು ಇವುಗಳ ಋಣ ರೂಪಗಳು ಮಾತ್ರ.

−1 ಹಾಕಿದರೆ ಸೊನ್ನೆ ಬರುತ್ತದೆ. ಅಂದರೆ (ಎಕ್ಸ್ + 1) ಒಂದು ಅಪವರ್ತನ. ಅದರಿಂದ ಭಾಗಿಸಿದರೆ ಎಕ್ಸ್³ − 3ಎಕ್ಸ್² − 4ಎಕ್ಸ್ + 12 ಉಳಿಯುತ್ತದೆ. ಇದಕ್ಕೆ 2 ಹೊಂದುತ್ತದೆ. ಮತ್ತೆ ಭಾಗಿಸಿದರೆ ಎಕ್ಸ್² − ಎಕ್ಸ್ − 6, ಅದರ ಮೂಲಗಳು 3 ಮತ್ತು −2. ಪ್ರತಿ ಸಲವೂ ಭಾಗಿಸಿ ಚಿಕ್ಕದು ಮಾಡಿಕೊಳ್ಳಿ. ಇದನ್ನು ಮರೆತು ಮೊದಲಿನ ದೊಡ್ಡ ಬಹುಪದೋಕ್ತಿಯಲ್ಲೇ ಗುದ್ದಾಡುವವರು ಜಾಸ್ತಿ.

ಮೊದಲ ಸಹಗುಣಕ 1 ಅಲ್ಲದಿದ್ದರೆ ಭಿನ್ನರಾಶಿಗಳನ್ನೂ ನೋಡಬೇಕು. ಆಗ ಛೇದ ಆ ಸಹಗುಣಕವನ್ನು ಭಾಗಿಸುವಂಥದ್ದಾಗಿರುತ್ತದೆ. ಯಾವುದೂ ಹೊಂದದಿದ್ದರೆ ಕಂಪ್ಯೂಟರಿನಲ್ಲಿ ಅಂದಾಜು ಮಾಡುವುದೇ ಸುಲಭ.