ಓದಿ ಕಲಿಯುವ ಕಂಪ್ಯೂಟರು ಯಾವ ಮಾತನ್ನು ನಂಬುತ್ತದೆ?

ಪ್ರಶ್ನೆ: ಅಂತರ್ಜಾಲದ ಬರಹಗಳನ್ನು ಓದಿ ಕಂಪ್ಯೂಟರು ತಾನೇ ವಿಷಯಗಳನ್ನು ಕಲಿಯುತ್ತದೆ ಎನ್ನುತ್ತಾರೆ. ನಮ್ಮ ಕೊಡಗಿನಲ್ಲಿ ಮೂರು ತಾಲ್ಲೂಕುಗಳಿವೆ ಎಂದು ಒಂದು ಕಡೆ, ಐದು ಎಂದು ಇನ್ನೊಂದು ಕಡೆ ಬರೆದಿದೆ. ಯಂತ್ರಕ್ಕೆ ಸರಿ ಯಾವುದೆಂದು ಹೇಗೆ ತಿಳಿಯಬೇಕು?
– ಓದುಗರೊಬ್ಬರು, ಪೊನ್ನಂಪೇಟೆ

ಉತ್ತರ: ಈ ವಿದ್ಯೆಯಲ್ಲಿ ಎಲ್ಲಕ್ಕಿಂತ ಕಷ್ಟವಾದ ಜಾಗವನ್ನೇ ತಾವು ಕೇಳಿದ್ದೀರಿ. ಕಲಿಕೆಯ ಆರಂಭವೇನೋ ಸುಲಭ. ‘ಕಾಫಿ, ಕಾಳುಮೆಣಸು, ಏಲಕ್ಕಿ ಮುಂತಾದ ಬೆಳೆಗಳು’ ಎಂಬ ಮಾತನ್ನು ಓದಿದ ಯಂತ್ರ, ‘ಮುಂತಾದ’ ಎಂಬ ಪದದ ಹಿಂದಿರುವುದೆಲ್ಲ ಬೆಳೆಯೆಂದು ಗುರುತಿಸಿಕೊಳ್ಳುತ್ತದೆ; ಆಮೇಲೆ ‘ಕಾಫಿ ಕೊಯ್ಲು’ ಎಂಬುದು ಕಣ್ಣಿಗೆ ಬಿದ್ದರೆ, ‘ಕೊಯ್ಲು’ ಜೊತೆಗೆ ಬರುವ ಬೇರೆ ಹೆಸರುಗಳೂ ಬೆಳೆಗಳೇ ಇರಬೇಕೆಂದು ಊಹಿಸುತ್ತದೆ. ಇಂಗ್ಲಿಷಿನ ಇಂತಹ ವಾಕ್ಯರೂಪಗಳನ್ನು ಮಾರ್ಟಿ ಹರ್ಸ್ಟ್ ಎಂಬ ಸಂಶೋಧಕಿ 1992ರಲ್ಲೇ ತೋರಿಸಿಕೊಟ್ಟಿದ್ದರು.

ಊಹೆ ತಪ್ಪಿದರೆ ಮಾತ್ರ ಅಪಾಯ ದೊಡ್ಡದು. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಟಾಮ್ ಮಿಚೆಲ್ ಅವರ ತಂಡ ರೂಪಿಸಿದ ‘ನೆಲ್’ ಎಂಬ ವ್ಯವಸ್ಥೆ 2010ರ ಜನವರಿಯಿಂದ ಹಗಲಿರುಳೂ ಓದತೊಡಗಿತು. ಕೇಕು, ಬ್ರೆಡ್ಡುಗಳನ್ನು ಅದು ಬೇಕರಿ ತಿನಿಸುಗಳೆಂದು ಸರಿಯಾಗಿಯೇ ಕಲಿತಿತ್ತು. ಆದರೆ ಜಾಲತಾಣಗಳು ನಮ್ಮ ಕಂಪ್ಯೂಟರಿನಲ್ಲಿ ಉಳಿಸುವ ಸಣ್ಣ ಮಾಹಿತಿ ತುಣುಕಾದ ‘ಇಂಟರ್‌ನೆಟ್ ಕುಕಿ’ಯನ್ನೂ ತಿನ್ನುವ ಕುಕಿ, ಅಂದರೆ ಬಿಸ್ಕತ್ತೆಂದೇ ಬಗೆಯಿತು. ಕುಕಿಗಳನ್ನು ಅಳಿಸಿದೆ ಎಂದು ಬರೆಯುವ ಜನ ಫೈಲುಗಳನ್ನು ಅಳಿಸಿದೆ ಎಂದೂ ಬರೆಯುವುದರಿಂದ, ಫೈಲು ಕೂಡ ಬೇಕರಿ ತಿನಿಸೆಂದು ತೀರ್ಮಾನಿಸಿತು. ಒಂದು ತಪ್ಪು ಹತ್ತನ್ನು ಹೆತ್ತಾಗ ಮನುಷ್ಯರೇ ಕೈಹಾಕಿ ತಿದ್ದಬೇಕಾಯಿತು. ಆದ್ದರಿಂದಲೇ ಇಂತಹ ವ್ಯವಸ್ಥೆಗಳಿಗೆ, ತಿನಿಸಾದದ್ದು ಊರಾಗಲಾರದು, ಊರಾದದ್ದು ಮನುಷ್ಯನಾಗಲಾರದು ಎಂಬಂತಹ ಕಟ್ಟುಪಾಡುಗಳನ್ನು ಮೊದಲೇ ಕೊಟ್ಟಿರುತ್ತಾರೆ. ಆದರೂ ಹೆಸರು ಬೇರೆ, ವಸ್ತು ಬೇರೆ ಎಂಬುದನ್ನು ಅದು ಕಲಿಯಲೇಬೇಕು: ‘ಕಾವೇರಿ’ ನಮ್ಮಲ್ಲಿ ನದಿಯೂ ಹೌದು, ದೇವಿಯೂ ಹೌದು, ಪಕ್ಕದ ಮನೆಯ ಮಗಳೂ ಹೌದು.

ಇನ್ನು ತಾಲ್ಲೂಕುಗಳ ಮಾತು. ಹೆಚ್ಚು ಪುಟಗಳು ಹೇಳಿದ್ದೇ ಸರಿ ಎಂದು ಯಂತ್ರ ಎಣಿಸುತ್ತ ಕೂತರೆ ಹಳೆಯ ಲೆಕ್ಕವೇ ಗೆಲ್ಲಬಹುದು, ಏಕೆಂದರೆ ಒಂದೇ ಬರಹವನ್ನು ನೂರು ಕಡೆ ನಕಲು ಮಾಡಿದರೂ ಅದು ನೂರು ಸಾಕ್ಷಿಯಾಗುವುದಿಲ್ಲ. ನಿಜಕ್ಕೂ ತಾವು ಕಂಡ ಎರಡು ಮಾತುಗಳೂ ಸುಳ್ಳಲ್ಲ. ಅವುಗಳ ಕಾಲ ಬೇರೆ. ಹಾಗೆಯೇ, 1956ಕ್ಕೆ ಸ್ವಲ್ಪ ಮೊದಲಿನ ಬರಹಗಳಲ್ಲಿ ಕೊಡಗು ತನ್ನದೇ ಮುಖ್ಯಮಂತ್ರಿಯಿದ್ದ ಪ್ರತ್ಯೇಕ ರಾಜ್ಯ, ಇಂದಿನವುಗಳಲ್ಲಿ ಕರ್ನಾಟಕದ ಒಂದು ಜಿಲ್ಲೆ. ಪ್ರತಿ ಸಂಗತಿಗೂ ಅದು ಯಾವಾಗ ನಿಜವೆಂಬುದನ್ನು ಜೋಡಿಸಿಡದ ಯಂತ್ರ ಇಲ್ಲಿ ಎಡವುತ್ತದೆ, ಇಸವಿಯನ್ನೇ ನಮೂದಿಸದ ನಮ್ಮ ಬರಹಗಳೂ ಅದನ್ನು ಎಡವಿಸುತ್ತವೆ. ತಾವು ತಮ್ಮ ಊರಿನ ಬಗ್ಗೆ ಬರೆಯುವುದಾದರೆ, ‘ಮೊದಲು ಮಡಿಕೇರಿ, ಸೋಮವಾರಪೇಟೆ, ವಿರಾಜಪೇಟೆ ಎಂಬ ಮೂರೇ ತಾಲ್ಲೂಕುಗಳಿದ್ದವು, ಪೊನ್ನಂಪೇಟೆ, ಕುಶಾಲನಗರಗಳು ಆಮೇಲೆ ಸೇರಿದವು’ ಎಂದು ಇಸವಿಯೊಂದಿಗೆ ಬರೆಯಿರಿ. ಆ ಒಂದು ವಾಕ್ಯ ಸಿಕ್ಕರೆ ಯಂತ್ರಕ್ಕೆ ಎರಡು ಲೆಕ್ಕಗಳೂ ಒಟ್ಟಿಗೆ ಅರ್ಥವಾಗುತ್ತವೆ.